ಸೆನ್ಸರ್ ಬದಲಿಸುವ ಮುಂಚೆ ಮೀಟರ್ ಹಿಡಿಯಿರಿ

ಎಂಜಿನ್ ಲೈಟ್ ಹತ್ತಿದ ಕೂಡಲೇ ಆಕ್ಸಿಜನ್ ಸೆನ್ಸರ್ ಬಿಚ್ಚಿ ಬಿಸಾಡುವುದು ನನಗೆ ಇಷ್ಟವಿಲ್ಲ. ಅದು ಸಾವಿರಗಟ್ಟಲೆ ರೂಪಾಯಿಯ ಸಾಮಾನು. ಮಂಡ್ಯದ ನನ್ನ ಗ್ಯಾರೇಜಿಗೆ ಹಾಗೆ ಬಂದ ಕಾರುಗಳಲ್ಲಿ ಎಷ್ಟೋ ಸಲ ಸೆನ್ಸರ್ ಚೆನ್ನಾಗಿಯೇ ಇತ್ತು.

ಸೆನ್ಸರ್ ಕೂತಿರುವುದು ಸೈಲೆನ್ಸರ್ ಪೈಪಿನಲ್ಲಿ. ಒಂದು ಕೆ.ಜಿ. ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು. ಉರಿದ ಮೇಲೆ ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಸೆನ್ಸರ್ ಹೇಳುತ್ತದೆ, ಅದನ್ನು ನೋಡಿ ಇಸಿಎಂ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತದೆ. ಸುಮಾರು 300 ಡಿಗ್ರಿ ಕಾಯದಿದ್ದರೆ ಅದಕ್ಕೆ ಕೆಲಸ ಬರುವುದಿಲ್ಲ. ಅದಕ್ಕೇ ಒಳಗೊಂದು ಹೀಟರ್ ಇಟ್ಟಿರುತ್ತಾರೆ.

ಪಾಂಡವಪುರ ಕಡೆಯ ರೈತರೊಬ್ಬರು ಕಾರು ತಂದು, "ಸೆನ್ಸರ್ ಹೋಗಿದೆಯಂತೆ, ಹೊಸದು ಹಾಕ್ಬಿಡಣ್ಣ" ಎಂದರು. ಸ್ಕ್ಯಾನರಿನಲ್ಲಿ ಪಿ0135 ಎಂಬ ದೋಷದ ಕೋಡ್ ಬಂತು. ಮುಂದಿನ, ಅಂದರೆ ಎಂಜಿನ್ ಕಡೆಯ, ಸೆನ್ಸರಿನ ಹೀಟರ್ ಸರ್ಕ್ಯೂಟಿನಲ್ಲಿ ತೊಂದರೆ ಎಂದಷ್ಟೇ ಅದರ ಅರ್ಥ. ಫ್ಯೂಸ್ ಸರಿಯಿತ್ತು. ಕನೆಕ್ಟರ್ ಬಿಚ್ಚಿ, ಸೆನ್ಸರ್ ಕಡೆಯ ಒಂದೇ ಬಣ್ಣದ ಎರಡು ವೈರಿಗೆ ಮೀಟರ್ ಹಿಡಿದೆ. ಸಾಮಾನ್ಯವಾಗಿ ಹೀಟರಿನ ವೈರ್ ಅವೇ. ಕೆಲವೇ ಓಮ್ ತೋರಿಸಿತು, ಅಂದರೆ ಹೀಟರ್ ಜೀವಂತ. ಎಂಜಿನ್ ಸ್ಟಾರ್ಟ್ ಮಾಡಿ ಕಾರಿನ ಕಡೆಯ ಕನೆಕ್ಟರಿಗೆ ಹಿಡಿದರೆ 12 ವೋಲ್ಟ್ ಬರುತ್ತಲೇ ಇಲ್ಲ! ವೈರಿನ ಜಾಡು ಹಿಡಿದು ಹೋದೆ. ಬ್ಯಾಟರಿಯ ಹಿಂದೆ ಇಲಿ ಕಡಿದು ತಾಮ್ರ ಹಸಿರುಗಟ್ಟಿತ್ತು. ಕಬ್ಬಿನ ಗದ್ದೆ ಪಕ್ಕ ಕಾರು ನಿಲ್ಲಿಸುವವರಿಗೆ ಇದು ಹೊಸದೇನಲ್ಲ, ಅಲ್ವಾ?

ಅಲ್ಲಿ ಬೆಸುಗೆ ಹಾಕಿ ಸ್ಲೀವ್ ಏರಿಸಿದೆ. ಕೋಡ್ ಅಳಿಸಿದ ಮೇಲೆ ಮತ್ತೆ ಬರಲಿಲ್ಲ. ಆದರೆ ಕಡಿತ ಸೆನ್ಸರಿನ ಸ್ವಂತ ವೈರಿನಲ್ಲಿ ಇದ್ದಿದ್ದರೆ ನಾನು ಬೆಸುಗೆ ಹಾಕುತ್ತಿರಲಿಲ್ಲ. ಎಷ್ಟೋ ಸೆನ್ಸರುಗಳು ಹೋಲಿಸಿ ನೋಡಲು ಬೇಕಾದ ಹೊರಗಿನ ಗಾಳಿಯನ್ನು ಆ ವೈರಿನ ಎಳೆಗಳ ನಡುವಿನಿಂದಲೇ ಎಳೆದುಕೊಳ್ಳುತ್ತವೆ. ಸೀಸ ಕರಗಿ ಎಳೆಗಳ ಸಂದು ಮುಚ್ಚಿದರೆ ಸೆನ್ಸರ್ ಸುಳ್ಳು ಹೇಳಲು ಶುರು ಮಾಡುತ್ತದೆ. ಅಲ್ಲಿ ಒತ್ತಿ ಕೂರಿಸುವ ಕ್ರಿಂಪ್ ಜೋಡಣೆಯೇ ಸರಿ.

ಪಿ0171 ಬಂದಾಗ ಇನ್ನೂ ಜಾಸ್ತಿ ಜನ ಎಡವುತ್ತಾರೆ. ಪೆಟ್ರೋಲ್ ಸಾಲದು, ಗಾಳಿ ಹೆಚ್ಚು ಎಂಬ ಕೋಡ್ ಅದು. ಎಂಜಿನ್ನಿಗೂ ಸೈಲೆನ್ಸರ್ ಪೈಪಿಗೂ ನಡುವಿನ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೀಳಿದ್ದರೆ ಹೊರಗಿನ ಗಾಳಿ ಸೆನ್ಸರಿನ ಮುಂಚೆಯೇ ಪೈಪಿಗೆ ನುಗ್ಗುತ್ತದೆ. ಸೆನ್ಸರ್ ಕಂಡದ್ದನ್ನೇ ಹೇಳುತ್ತದೆ. ಇಸಿಎಂ ಅದನ್ನು ನಂಬಿ ಪೆಟ್ರೋಲ್ ಸುರಿಯುತ್ತದೆ, ಮೈಲೇಜ್ ಬಿದ್ದುಹೋಗುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಕಿವಿಗೊಡಿ. ಟಿಕ್ ಟಿಕ್ ಸದ್ದು, ಗ್ಯಾಸ್ಕೆಟ್ ಅಂಚಿನಲ್ಲಿ ಕಪ್ಪು ಮಸಿ, ಇವು ಸಿಕ್ಕರೆ ಸೆನ್ಸರ್ ಮುಟ್ಟಬೇಡಿ.

ಇದ್ಯಾವುದೂ ಇಲ್ಲ ಅಂದರೆ ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಸ್ಕ್ಯಾನರಿನಲ್ಲಿ ಲೈವ್ ಡೇಟಾ ನೋಡುತ್ತೇನೆ. ಹಳೆಯ ಮಾದರಿಯ ಮುಂದಿನ ಸೆನ್ಸರ್ 0.1ರಿಂದ 0.9 ವೋಲ್ಟಿನ ನಡುವೆ ಸರಸರ ಏರಿಳಿಯಬೇಕು. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಹಿಂದಿನದು ಹೆಚ್ಚು ಕಡಿಮೆ ಒಂದೇ ಕಡೆ ನಿಲ್ಲಬೇಕು. ಅದೂ ಮುಂದಿನದರ ಹಾಗೇ ಕುಣಿಯುತ್ತಿದ್ದರೆ ಕನ್ವರ್ಟರ್ ಮೇಲೆ ನನ್ನ ಅನುಮಾನ. 2020ರ ಬಿಎಸ್6 ಹೊಗೆ ನಿಯಮದ ನಂತರದ ಎಷ್ಟೋ ಕಾರುಗಳ ಮುಂದಿನ ಸೆನ್ಸರ್ ಬೇರೆ ಜಾತಿಯದು, ಅದಕ್ಕೆ ಈ ವೋಲ್ಟಿನ ಲೆಕ್ಕ ಹಾಕಬೇಡಿ.

ಮುಂದಿನ ಸೆನ್ಸರ್ ಏರಿಳಿಯದೆ ಸುಮ್ನೆ ಕೂತಿದ್ದರೆ, ವೈರ್, ಲೀಕ್ ಎಲ್ಲ ನೋಡಿ ಆಗಿದ್ದರೆ, ಆಗ ಬಿಚ್ಚುತ್ತೇನೆ. ಎಂಜಿನ್ ಸ್ವಲ್ಪ ಬೆಚ್ಚಗಿರುವಾಗ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ವೈರಿಗೆ ಸಂದು ಇರುವ 22 ಎಂ.ಎಂ. ಸಾಕೆಟ್ ಹಾಕಿ ನಿಧಾನಕ್ಕೆ ತಿರುಗಿಸಿ. ಸುತ್ತಿಗೆ ಬೇಡ, ಪೈಪಿನ ಥ್ರೆಡ್ ಹೋದರೆ ಖರ್ಚು ದುಪ್ಪಟ್ಟು. ಹೊಸದರ ತುದಿಗೆ ಗ್ರೀಸ್ ತಾಗಬಾರದು. ಹತ್ತಿರದಲ್ಲಿ ಗ್ಯಾಸ್ಕೆಟಿಗೆ ಪೇಸ್ಟ್ ಹಚ್ಚುವುದಿದ್ದರೆ ಡಬ್ಬಿಯ ಮೇಲೆ ಸೆನ್ಸರಿಗೆ ಸುರಕ್ಷಿತ ಎಂದು ಬರೆದಿರುವುದನ್ನೇ ಕೊಳ್ಳಿ. ಸಾಮಾನ್ಯ ಸಿಲಿಕೋನ್ ಪೇಸ್ಟಿನ ಆವಿ ಹೊಸ ಸೆನ್ಸರನ್ನೂ ಕೊಲ್ಲುತ್ತದೆ.