ಅಣ್ಣಾ, ನೀವು, ನೀ

ನಾನು ಭಾಗ ಭಾಗವಾಗಿ ಬರೆಯುತ್ತಿರುವ ಪ್ರೇಮಕಥೆ ಶುರುವಾಗುವುದೇ ‘ಅಣ್ಣಾ’ ಅನ್ನುವ ಮಾತಿನಿಂದ. ಶಹಾಬಾದ್‌ನಿಂದ ಕಲಬುರಗಿಗೆ ಬರುವ ಪ್ಯಾಸೆಂಜರ್ ರೈಲು. ಪಿಯುಸಿ ಎರಡನೇ ವರ್ಷದ ಹುಡುಗಿ, ಡಿಗ್ರಿ ಓದುವ ಹುಡುಗ. ಅವಳು ಕೇಳುತ್ತಾಳೆ: “ಅಣ್ಣಾ, ಇಲ್ಲಿ ಯಾರರ ಕುಂತಾರೇನ್ರಿ?”

ನನ್ನ ತಂಗಿ ಇದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಕ್ಕಾ, ಅಣ್ಣಾ ಅಂದ ಮ್ಯಾಲ ಇನ್ನೇನ್ ಲವ್ ಮಾಡ್ತಾರ?” ಅಂದಳು. ಅವಳ ಮಾತು ಖರೆ. ಆದರೆ ಗುರುತಿಲ್ಲದ ಹುಡುಗನನ್ನು ನಮ್ಮ ಕಡೆ ಹುಡುಗಿಯರು ಇನ್ನು ಹೇಗೆ ಕರೆಯಬೇಕು? ನಾನು ಹನ್ನೆರಡು ವರ್ಷ ಅದೇ ರೈಲಿನಲ್ಲಿ ಕೆಲಸಕ್ಕೆ ಓಡಾಡಿದವಳು. ಸೀಟು ಕೇಳುವಾಗ ‘ಎಕ್ಸ್‌ಕ್ಯೂಸ್ ಮಿ’ ಅಂದವರನ್ನು ಒಬ್ಬರನ್ನೂ ನೋಡಿಲ್ಲ. ಹಾಗಾಗಿ ‘ಅಣ್ಣಾ’ ಉಳಿಯಿತು. ಅದನ್ನು ಬಿಡಿಸುವುದೇ ಮೊದಲ ಭಾಗದ ಕಥೆಯಾಯಿತು.

ಬಿಡಿಸುವುದು ಸುಲಭ ಇರಲಿಲ್ಲ. ‘ಅಣ್ಣಾ’ದಿಂದ ಹುಡುಗಿ ಸೀದಾ ಹೆಸರಿಗೆ ಹಾರುವುದಿಲ್ಲ. ನಡುವೆ ಏನೂ ಕರೆಯದ ಒಂದು ಕಾಲ ಇರುತ್ತದೆ, ಅಲ್ವಾ? “ಇಲ್ನೋಡ್ರಿ” ಅಂತಾಳೆ, ಕೆಮ್ಮುತ್ತಾಳೆ, ಸುಮ್ನೆ ಪುಸ್ತಕ ಮುಂದೆ ಚಾಚುತ್ತಾಳೆ. ಮರತೂರು ಸ್ಟೇಷನ್ ಬಂದಾಗ ಬೋರ್ಡು ನೋಡುತ್ತಾ ಕೂರುತ್ತಾಳೆ. ಮಿತಾಕ್ಷರ ಅನ್ನುವ ಹಳೆಯ ಧರ್ಮಶಾಸ್ತ್ರದ ಗ್ರಂಥ ಬರೆದ ವಿಜ್ಞಾನೇಶ್ವರನ ಊರು ಅದು, ಅವಳಿಗೆ ಅದರ ಗೊಡವೆಯೇ ಇಲ್ಲ. ಈ ಕರೆಯದ ಕಾಲವನ್ನು ಬರೆಯುವಾಗ ನನಗೆ ಆದಷ್ಟು ಖುಷಿ ಬೇರೆಲ್ಲೂ ಆಗಲಿಲ್ಲ.

ಒಬ್ಬ ಪ್ರಕಾಶಕರು ಮಾತುಗಳನ್ನೆಲ್ಲ ‘ಎಲ್ಲರಿಗೂ ತಿಳಿಯುವ ಕನ್ನಡ’ಕ್ಕೆ ತನ್ನಿ ಅಂದರು. ಒಂದು ಅಧ್ಯಾಯ ಮಾಡಿ ನೋಡಿದೆ. “ಇಲ್ಲಿ ಯಾರಾದರೂ ಕುಳಿತಿದ್ದಾರೆಯೇ?” ಹುಡುಗಿ ರೈಲಿನಲ್ಲಿ ವಾರ್ತೆ ಓದುತ್ತಿರುವ ಹಾಗಿತ್ತು. ಹರಿದು ಹಾಕಿದೆ. ಇದು ಮಕ್ಕಳ ಪುಸ್ತಕವೋ ದೊಡ್ಡವರದೋ ಅಂತಲೂ ಅವರು ಕೇಳಿದ್ದರು. ಹದಿನೇಳು ವರ್ಷದವರಿಗೆ ನಮ್ಮ ಲೈಬ್ರರಿಯಲ್ಲಿ ಯಾವ ಕಪಾಟು ಅಂತ ನನಗೂ ಹೊಳೆಯಲಿಲ್ಲ.

ಆಮೇಲೆ ಕ್ಯಾಲೆಂಡರ್ ಕಾಟ. ಮೊದಲ ಭಾಗ 2018ರಲ್ಲಿ ನಡೆಯುತ್ತಿತ್ತು. ಪರೀಕ್ಷೆ ಮುಗಿಸಿದ ಹುಡುಗಿ ಕಲಬುರಗಿಯ ಶರಣಬಸವೇಶ್ವರ ಜಾತ್ರೆಗೆ ಬರುತ್ತಾಳೆ, ತೇರಿನ ಗದ್ದಲದಲ್ಲಿ ಮೊದಲ ಸಲ ಅವನ ಹೆಸರು ಹಿಡಿದು ಕೂಗುತ್ತಾಳೆ. ಬರೆದು ಮುಗಿಸಿದ ಮೇಲೆ ಲೆಕ್ಕ ಹಾಕಿದೆ. ತೇರು ಹೋಳಿ ಆಗಿ ಐದನೇ ದಿನಕ್ಕೆ. 2018ರಲ್ಲಿ ಹೋಳಿ ಮಾರ್ಚ್ 2ಕ್ಕೆ ಬಂದಿತ್ತು. ಪಿಯುಸಿ ಪರೀಕ್ಷೆ ಮಾರ್ಚ್ 1ರಿಂದ 17ರವರೆಗೆ. ಅಂದರೆ ನನ್ನ ನಾಯಕಿ ಪರೀಕ್ಷೆ ಬಿಟ್ಟು ಜಾತ್ರೆಯಲ್ಲಿ ನಿಂತಿದ್ದಳು! ನಮ್ಮೂರ ಓದುಗರು ಇಂಥದ್ದನ್ನು ಬಿಡುತ್ತಾರಾ? 2019ರಲ್ಲಿ ಹೋಳಿ 21ಕ್ಕೆ, ಪರೀಕ್ಷೆ 18ಕ್ಕೇ ಮುಗಿದಿತ್ತು. ಕಥೆಯನ್ನು ಒಂದು ವರ್ಷ ಮುಂದಕ್ಕೆ ತಳ್ಳಿ ನಿರಾಳವಾದೆ.

ನಿರಾಳ ಎಲ್ಲಿಂದ? ಹಾಗೆ ತಳ್ಳಿದ್ದರಿಂದ ಎರಡನೇ ಭಾಗ ಹೋಗಿ 2020ಕ್ಕೆ ಬಿತ್ತು. ದೇಶದ ಮೊದಲ ಕೋವಿಡ್ ಸಾವು ಆ ಮಾರ್ಚ್‌ನಲ್ಲಿ ವರದಿಯಾಗಿದ್ದೇ ಕಲಬುರಗಿಯಿಂದ. ಮುಂದಿನ ಹತ್ತು ಹನ್ನೆರಡು ದಿನದಲ್ಲಿ ದೇಶದ ಪ್ಯಾಸೆಂಜರ್ ರೈಲೆಲ್ಲ ನಿಂತವು. ಇಬ್ಬರೂ ಭೇಟಿಯಾಗಲು ನಾನು ಕಟ್ಟಿದ್ದು ಒಂದೇ ಜಾಗ, ಆ ರೈಲು. ಅದೇ ಇಲ್ಲ. ಎರಡು ತಿಂಗಳು ಒಂದು ಪುಟವೂ ಬರೆಯಲಿಲ್ಲ. ಮತ್ತೆ 2018ಕ್ಕೇ ಹೋಗಿ ಜಾತ್ರೆಯನ್ನು ಕೈಬಿಡೋಣ ಅಂತಲೂ ಅನ್ನಿಸಿತ್ತು.

ದಾರಿ ಸಿಕ್ಕಿದ್ದು ಮಾಳಿಗೆ ಮೇಲೆ. ಮೇ ತಿಂಗಳಲ್ಲಿ ಅಲ್ಲಿ ಹಾಸಿದ ಶಹಾಬಾದ್ ಪರ್ಸಿ ಕಲ್ಲು ರಾತ್ರಿ ಹತ್ತಾದರೂ ಕಾಲು ಸುಡುತ್ತದೆ. ಒಂದು ಕೊಡ ನೀರು ಸುರುವಿ, ಅದು ಆರಿದ ಮೇಲೆ ಹಾಸಿಗೆ ಹಾಸಬೇಕು. ನನ್ನ ಹುಡುಗಿ ಅಲ್ಲಿ ಕೌದಿ ಹೊದ್ದುಕೊಂಡು ಫೋನಿನಲ್ಲಿ ಮಾತಾಡುತ್ತಾಳೆ. ಆ ಧಗೆಯಲ್ಲಿ ಕೌದಿ! ಅದೇ ಅನುಮಾನಕ್ಕೆ ಸಾಕು. ಎರಡು ಮಾರು ದೂರದಲ್ಲಿ ಅವ್ವ ಮಲಗಿದ್ದಾಳೆ. “ಉಂಡ್ರೇನ್ರಿ?” ಅಂದರೆ ಸಿಕ್ಕಿಬಿದ್ದಂತೆ. ನಡುರಾತ್ರಿ ಯಾವ ಗೆಳತಿಗೆ ಇಷ್ಟು ಮರ್ಯಾದೆ? ಅದಕ್ಕೇ ಹುಡುಗಿ “ಉಂಡೇನು?” ಅಂತಾಳೆ. ‘ನೀ’ ಅಂದರೆ ಆ ಕಡೆ ಇರುವುದು ಹುಡುಗನೋ ಹುಡುಗಿಯೋ ಕನ್ನಡದಲ್ಲಿ ಗೊತ್ತಾಗುವುದೇ ಇಲ್ಲವಲ್ಲ.

ಹೀಗೆ ಮೊದಲ ‘ನೀ’ ಬಂದಿದ್ದು ಅವ್ವನ ಭಯಕ್ಕೆ. ಹುಡುಗ ಅದನ್ನು ಪ್ರೀತಿ ಅಂದುಕೊಂಡು ಆ ರಾತ್ರಿ ನಿದ್ದೆ ಮಾಡುವುದಿಲ್ಲ. ಅವಳಿಗೆ ಗೊತ್ತು, ಆದರೂ ಅವನನ್ನು ತಿದ್ದುವುದಿಲ್ಲ. ಅವಳು ದೊಡ್ಡವಳಾದದ್ದು ಅಲ್ಲೇ ಅಂತ ನನ್ನ ಲೆಕ್ಕ, ಹದಿನೆಂಟು ತುಂಬಿ ಮನೆಯಲ್ಲಿ ಬಯೋಡೇಟಾ ತಿರುಗಲು ಶುರುವಾದಾಗ ಅಲ್ಲ.

ಇಷ್ಟೆಲ್ಲ ಆದ ಮೇಲೆ ಒಂದು ಖಾತೆ ಪುಸ್ತಕ ಇಟ್ಟಿದ್ದೇನೆ. ಯಾರು ಯಾರನ್ನು ಏನಂತ ಕರೆಯುತ್ತಾರೆ, ಯಾವ ಅಧ್ಯಾಯದಿಂದ, ಯಾರೆದುರು. ಕಣ್ಣಿನ ಬಣ್ಣ, ಅಂಗಿ ಬಣ್ಣ ಬರೆದಿಡುವುದಕ್ಕಿಂತ ಇದೇ ಜಾಸ್ತಿ ಉಪಯೋಗಕ್ಕೆ ಬಂತು. ಒಂದು ಸಲ ಇದನ್ನು ನೋಡದೆ ಬರೆದು, ಬಸ್‌ಸ್ಟ್ಯಾಂಡಿನಲ್ಲಿ ಹತ್ತು ಮಂದಿ ಎದುರು ಅವಳ ಬಾಯಲ್ಲಿ ‘ನೀ’ ಅನ್ನಿಸಿಬಿಟ್ಟಿದ್ದೆ. ತಂಗಿಯೇ ಹಿಡಿದಳು.

ಈಗ ಮೂರನೇ ಭಾಗ ಬರೆಯುವುದು ನಡೆದಿದೆ. ಕಲಬುರಗಿಯ ಅಪ್ಪನ ಕೆರೆ ಹತ್ತಿರ ಹುಡುಗನ ಮನೆ. ಅವರವ್ವನ ಮುಂದೆ ಕೂತಾಗ ಅವಳು ಮತ್ತೆ ‘ನೀವು’ ಅನ್ನಬೇಕು. ಎರಡು ವರ್ಷ ಫೋನಿನಲ್ಲಿ ‘ನೀ’ ಅಂದ ಬಾಯಿ. ಚಟ್ನಿಪುಡಿ ಅವನ ಮುಂದೆ ಸರಿಸಿ “ಹಿಂಡಿ ಹಾಕ್ಕೋ” ಅಂದುಬಿಡುತ್ತಾಳೆ. ಈ ಜಾಗವನ್ನು ನಾಲ್ಕು ಸಲ ಬರೆದೆ. ಒಮ್ಮೆ ಅವರವ್ವ ನಕ್ಕರು, ಒಮ್ಮೆ ಮುಖ ಗಂಟಿಕ್ಕಿದರು. ಎರಡೂ ಸೀರಿಯಲ್ ಥರ ಅನ್ನಿಸಿ ಹೊಡೆದು ಹಾಕಿದೆ. ಸದ್ಯಕ್ಕೆ ಅವರು ತಲೆ ಎತ್ತದೆ ಇನ್ನೊಂದು ರೊಟ್ಟಿ ಬಡಿಯುತ್ತಿದ್ದಾರೆ.