ಹಳೇ ಸೈಕಲ್ಲಿಗೆ ಬಣ್ಣ ಹೊಡೆಸುವ ಮೊದಲು

ಹಳೇ ಸೈಕಲ್ ಸಿಕ್ಕ ತಕ್ಷಣ ಬಣ್ಣ ಕೆರೆಯಬೇಡಿ. ಹೊಸ ಬಣ್ಣ ಯಾವಾಗ ಬೇಕಾದರೂ ಹೊಡೆಸಬಹುದು, ಮೂಲ ಬಣ್ಣ ಹೋದರೆ ಹೋಯಿತು. ಮೊದಲು ಮೆತ್ತನೆ ಬಟ್ಟೆಯನ್ನು ಸೋಪುನೀರಲ್ಲಿ ಅದ್ದಿ ಒರೆಸಿ. ಎಷ್ಟೋ ಸಲ ಜಿಡ್ಡಿನ ಕೆಳಗೆ ಕೈಯಲ್ಲಿ ಎಳೆದ ಸಣ್ಣ ಗೆರೆಗಳು ಹಾಗೇ ಉಳಿದಿರುತ್ತವೆ. ಅವು ಕಂಡಾಗ ಆಗುವ ಖುಷಿಯೇ ಬೇರೆ.

ಕ್ರೋಮ್ ಮೇಲಿನ ತುಕ್ಕಿಗೆ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ, ನೀರಲ್ಲಿ ಅದ್ದಿ ಉಜ್ಜಿ. ಫಾಯಿಲ್ ಕ್ರೋಮಿಗಿಂತ ಮೆತ್ತಗೆ, ಹಾಗಾಗಿ ಗೀರು ಬೀಳುವ ಭಯ ಕಡಿಮೆ. ಉಪ್ಪುಕಾಗದ ಬೇಡವೇ ಬೇಡ.

ಕಾಟರ್ ಪಿನ್ ಅಂದರೆ ಪೆಡಲ್ ಕೂರುವ ತೋಳನ್ನು, ಅಂದರೆ ಕ್ರ್ಯಾಂಕನ್ನು, ನಡುವಿನ ಅಚ್ಚಿಗೆ ಬಿಗಿದಿಡುವ ಬೆಣೆ. ಅದನ್ನು ಬಿಚ್ಚಲು ಮಾತ್ರ ತಾಳ್ಮೆ ಬೇಕು. ರಾತ್ರಿಯೇ ಎಣ್ಣೆ ಬಿಟ್ಟಿಡಿ. ಬೆಳಿಗ್ಗೆ ನಟ್ಟನ್ನು ಪಿನ್ನಿನ ತುದಿಯ ಮಟ್ಟಕ್ಕೆ ಸಡಿಲಿಸಿ, ಕ್ರ್ಯಾಂಕಿನ ಅಡಿಗೆ ಗಟ್ಟಿ ಆಸರೆ ಕೊಟ್ಟು, ಒಂದೇ ಜೋರು ಏಟು ಹಾಕಿ. ಸುಮ್ನೆ ಹತ್ತು ಸಲ ಕುಟ್ಟಿದರೆ ಪಿನ್ ಬಾಗುತ್ತದೆ, ಅದರ ಥ್ರೆಡ್ (ತಿರುಪಿನ ಸುತ್ತು) ಹಾಳಾಗುತ್ತದೆ. ಎಡಗಡೆ ಪೆಡಲ್ ಉಲ್ಟಾ ಥ್ರೆಡ್ಡಿನದು, ಬಿಚ್ಚಲು ಬಲಕ್ಕೆ ತಿರುಗಿಸಬೇಕು.

ಬಿಚ್ಚಿದ ಮೂಲ ಭಾಗ ಯಾವುದನ್ನೂ ಎಸೆಯಬೇಡಿ. ಒಂದು ಡಬ್ಬಿಯಲ್ಲಿಟ್ಟು ಚೀಟಿ ಅಂಟಿಸಿ. ಮುಂದೆ ಆ ಸೈಕಲ್ ಯಾರ ಕೈಗೆ ಹೋದರೂ ಡಬ್ಬಿಯೂ ಜೊತೆಗೇ ಹೋಗಬೇಕು. ಇದನ್ನು ಎಲ್ಲೂ ಬರೆದಿಟ್ಟಿಲ್ಲ, ಆದರೆ ಹಳೇ ಸೈಕಲ್ ಪ್ರೀತಿಸುವವರು ಪಾಲಿಸುತ್ತಾರೆ.

ಸೀಟು, ಹಿಡಿ, ಟೈರಿನ ಬಣ್ಣ ನಿಮ್ಮ ಇಷ್ಟ. ನನಗೆ ಸವೆದ ಚರ್ಮದ ಸೀಟೇ ಚೆಂದ. ಬ್ರೇಕ್ ವಿಷಯದಲ್ಲಿ ಮಾತ್ರ ಹಳೇದಕ್ಕೆ ಅಂಟಿಕೊಳ್ಳಬೇಡಿ. ಒಣಗಿ ಗಟ್ಟಿಯಾದ ರಬ್ಬರ್, ಹಳೇ ವೈರು ಎರಡನ್ನೂ ಬದಲಿಸಿ. ಸ್ಟೀಲ್ ರಿಮ್ ಒದ್ದೆಯಾದರೆ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಮಳೆಯಲ್ಲಿ ನಿಧಾನವಾಗಿ ಓಡಿಸಿ, ಬ್ರೇಕ್ ಬೇಗನೇ ಒತ್ತಲು ಶುರುಮಾಡಿ.