ಮುಂಬಯಿಯ ತೇವದಲ್ಲಿ ಬೀಜ ಕಾಪಿಡುವುದು ಹೇಗೆ?

ಮೇ ತಿಂಗಳಲ್ಲಿ ಊರಿಗೆ ಹೋದವರು ಮಟ್ಟುಗುಳ್ಳ ಬದನೆ, ಸೌತೆ, ಅಲಸಂಡೆ, ಕೆಂಪು ಹರಿವೆ ಬೀಜಗಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಂಡು ಡೊಂಬಿವಲಿಗೋ ಠಾಣೆಗೋ ತರುತ್ತಾರೆ. ಒಂದಿಷ್ಟು ಬಿತ್ತಿ, ಉಳಿದದ್ದು ಅಡುಗೆಮನೆಯ ಡ್ರಾಯರ್ ಸೇರುತ್ತದೆ. ದೀಪಾವಳಿ ಕಳೆದು ಬಿತ್ತಿದರೆ ಹತ್ತರಲ್ಲಿ ಎರಡೋ ಮೂರೋ ಮೊಳೆಯುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿದ್ದ ತೇವವನ್ನು ಆ ಬೀಜ ಹೀರುತ್ತಲೇ ಇತ್ತು.

ಬೀಜಕ್ಕೆ ಜೀವವಿದೆ, ಉಸಿರಾಟವಿದೆ. ತೇವ ಹೆಚ್ಚಿದಷ್ಟೂ ಒಳಗಿನ ಆಹಾರ ಬೇಗ ಕರಗುತ್ತದೆ, ಬೂಷ್ಟು ಹಿಡಿಯುತ್ತದೆ. ಬೀಜದೊಳಗಿನ ತೇವ ಶೇ. 1ರಷ್ಟು ಇಳಿದರೆ ಆಯುಷ್ಯ ಸುಮಾರು ಎರಡು ಪಟ್ಟಾಗುತ್ತದೆ. ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಇಳಿದರೂ ಹೆಚ್ಚುಕಡಿಮೆ ಅಷ್ಟೇ ಲಾಭ. ಆದರೆ ಒಣಗಿಸದೆ ಫ್ರಿಜ್‌ಗೆ ಸೇರಿಸಬೇಡಿ.

ಮೊದಲ ಹಂತ ಸುಲಭ: ಪೂರ್ತಿ ಬಲಿತು ಹಣ್ಣಾದ ಬದನೆ, ಸೌತೆಯಿಂದ ಮಾತ್ರ ಬೀಜ ತೆಗೆಯಿರಿ. ಟೊಮೆಟೊ ತಿರುಳನ್ನು ಒಂದೆರಡು ದಿನ ಹುಳಿಯಲು ಬಿಟ್ಟು ತೊಳೆಯಿರಿ. ಈ ಸೆಕೆಗೆ ಅದಕ್ಕಿಂತ ಹೆಚ್ಚು ಬಿಟ್ಟರೆ ಅಲ್ಲೇ ಮೊಳಕೆ ಬರುತ್ತದೆ.

ಹೆಚ್ಚಿನವರು ಎಡವುವುದು ಒಣಗಿಸುವಲ್ಲಿ. ಸ್ಟೀಲ್ ತಟ್ಟೆಯಲ್ಲಿ ಹರಡಿ ಟೆರೇಸಿನ ಮಧ್ಯಾಹ್ನದ ಬಿಸಿಲಿಗೆ ಇಟ್ಟರೆ ತಟ್ಟೆ ಕಾದು ಬೀಜ ಬೇಯುತ್ತದೆ. ಮೈಕ್ರೋವೇವ್ ಅಂತೂ ಬೇಡವೇ ಬೇಡ. ಹಳೆ ಹತ್ತಿ ಬಟ್ಟೆಯ ಮೇಲೆ ಒಂದೇ ಪದರವಾಗಿ ಹರಡಿ, ನೆರಳಿನಲ್ಲಿ ಫ್ಯಾನ್ ಕೆಳಗೆ ನಾಲ್ಕೈದು ದಿನ ಇಡಿ. ದಿನಕ್ಕೆರಡು ಸಲ ಕೈಯಾಡಿಸಿ. ಪುಣೆಯ ಬೇಸಿಗೆಯ ಒಣ ಹವೆಗೆ ಬಹುಮಟ್ಟಿಗೆ ಇಷ್ಟು ಸಾಕು. ಮುಂಬಯಿ, ಗೋವಾದಲ್ಲಿ ಸಾಲದು. ಸುತ್ತಲಿನ ಗಾಳಿಯಲ್ಲಿ ಶೇ. 80ಕ್ಕೂ ಹೆಚ್ಚು ತೇವವಿದ್ದರೆ ಎಷ್ಟು ದಿನ ಹರಡಿದರೂ ಬೀಜ ಒಂದು ಮಟ್ಟಕ್ಕಿಂತ ಕೆಳಗೆ ಒಣಗುವುದೇ ಇಲ್ಲ.

ಅಲ್ಲಿಂದ ಮುಂದಕ್ಕೆ ತೇವ ಹೀರುವ ಹರಳು, ಅಂದರೆ ಸಿಲಿಕಾ ಜೆಲ್ ಬೇಕು. 50 ಗ್ರಾಂ ಬೀಜಕ್ಕೆ 50 ಗ್ರಾಂ ಜೆಲ್. ಬೀಜವನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಜೆಲ್ ಹಾಕಿದ ಗಾಜಿನ ಬಾಟಲಿಯಲ್ಲಿಟ್ಟು ಮುಚ್ಚಳ ಬಿಗಿ ಮಾಡಿ. ಸಣ್ಣ ಬೀಜಕ್ಕೆ ಒಂದು ವಾರ, ಅಲಸಂಡೆಯಂಥ ದಪ್ಪ ಬೀಜಕ್ಕೆ ಇನ್ನೂ ಮೂರ್ನಾಲ್ಕು ದಿನ. ಸೌತೆ, ಕುಂಬಳದ ಬೀಜ ಬಾಗದೆ ಪಟ್ಟನೆ ಮುರಿಯಬೇಕು. ಅಲಸಂಡೆಗೆ ಸುತ್ತಿಗೆಯಿಂದ ಹೊಡೆದರೆ ಅಪ್ಪಚ್ಚಿಯಾಗದೆ ಚೂರಾಗಬೇಕು. ಒಣಗಿದ ಮೇಲೆ ಜೆಲ್ ತೆಗೆಯಿರಿ. ಅತಿಯಾಗಿ ಒಣಗಿದ ದ್ವಿದಳ ಬೀಜ ಕಲ್ಲಿನಂತಾಗಿ ನೀರನ್ನೇ ಎಳೆಯುವುದಿಲ್ಲ.

ಕಿತ್ತಳೆ ಬಣ್ಣದ ಜೆಲ್ಲನ್ನೇ ಕೊಳ್ಳಿ. ನೀಲಿಯದರಲ್ಲಿ ವಿಷಕಾರಿಯಾದ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ. ತೇವ ತುಂಬಿ ಬಣ್ಣ ಬದಲಾದಾಗ ಓವನ್‌ನಲ್ಲಿ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಚಪ್ಪಲಿ ಡಬ್ಬಿಯ ಪುಟ್ಟ ಸ್ಯಾಚೆಟ್‌ಗಳು ನಮ್ಮ ಕೈಸೇರುವ ಮೊದಲೇ ತೇವ ಕುಡಿದು ತುಂಬಿರುತ್ತವೆ, ಅವನ್ನು ನಂಬಬೇಡಿ. ಹಸಿ ಅಕ್ಕಿಯೂ ಪ್ರಯೋಜನವಿಲ್ಲ: ಅದರಲ್ಲೇ ಶೇ. 12ರಷ್ಟು ತೇವವಿರುತ್ತದೆ. ಬಾಣಲೆಯಲ್ಲಿ ಚೆನ್ನಾಗಿ ಹುರಿದು, ಮುಚ್ಚಿ ತಣಿಸಿದ ಅಕ್ಕಿಯಾದರೆ ಸರಿ.

ಈಗ ಬಾಟಲಿಗೆ ತುಂಬಿ, ಹೆಸರು ಮತ್ತು ತಿಂಗಳು ಬರೆದು ಫ್ರಿಜ್‌ನಲ್ಲಿಡಿ. ತೆಳ್ಳಗಿನ ಜಿಪ್ ಚೀಲ ಬೇಡ; ರಬ್ಬರ್ ವಾಷರ್ ಇರುವ ಮುಚ್ಚಳವೇ ಆಗಬೇಕು. ಬಿತ್ತುವ ದಿನ ಬಾಟಲಿಯನ್ನು ಹೊರಗೆ ತೆಗೆದ ಕೂಡಲೇ ತೆರೆಯಬೇಡಿ. ತಣ್ಣಗಿನ ಬೀಜದ ಮೇಲೆ ಮಳೆಗಾಲದ ಗಾಳಿ ನೀರಾಗಿ ಕೂರುತ್ತದೆ, ಒಣಗಿಸಿದ್ದೆಲ್ಲ ವ್ಯರ್ಥ. ರಾತ್ರಿ ಹೊರಗಿಟ್ಟು ಬೆಳಗ್ಗೆ ತೆರೆಯಿರಿ. ಪದೇ ಪದೇ ತೆರೆಯುವುದು ತಪ್ಪಲಿ ಎಂದರೆ ಒಂದೊಂದು ಬಿತ್ತನೆಗೆ ಒಂದೊಂದು ಸಣ್ಣ ಬಾಟಲಿ ಮಾಡಿ.

ಹೀಗಿಟ್ಟರೆ ಈರುಳ್ಳಿ ಬೀಜ ಒಂದು ವರ್ಷ, ಬೆಂಡೆ, ಮೆಣಸಿನಕಾಯಿ ಎರಡು, ಅಲಸಂಡೆ ಮೂರು, ಬದನೆ, ಟೊಮೆಟೊ, ಮೂಲಂಗಿ, ಕುಂಬಳ ನಾಲ್ಕು, ಸೌತೆ ಐದು ವರ್ಷ ನೆಚ್ಚಿಕೊಳ್ಳಬಹುದು. ಈರುಳ್ಳಿ ಬೀಜವನ್ನು ಮಾತ್ರ ವರ್ಷಕ್ಕೊಮ್ಮೆ ಹೊಸದಾಗಿ ಕೊಳ್ಳುವುದೇ ಮೇಲು. ಅಂಗಡಿಯ ಪ್ಯಾಕೆಟ್ ಆದರೆ ಬೆಲೆಗಿಂತ ಮೊದಲು ಪರೀಕ್ಷೆಯ ದಿನಾಂಕ ಮತ್ತು ಮೊಳಕೆಯ ಪ್ರಮಾಣ ನೋಡಿ. ಗುಲಾಬಿ, ನೀಲಿ ಬಣ್ಣ ಹಚ್ಚಿದ ಬೀಜಕ್ಕೆ ಸಾಮಾನ್ಯವಾಗಿ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಮಕ್ಕಳಿಗೆ ಸಿಗದಂತೆ ಇಡಿ.

ಅನುಮಾನವಿದ್ದರೆ 20 ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಅಲಸಂಡೆ, ಸೌತೆಗೆ ಒಂದು ವಾರ, ಮೆಣಸಿನಕಾಯಿ, ಬದನೆಗೆ ಎರಡು ವಾರ ಕಾಯಿರಿ. 14ಕ್ಕಿಂತ ಹೆಚ್ಚು ಮೊಳೆತರೆ ಎಂದಿನಂತೆ ಬಿತ್ತಿ. 10ಕ್ಕಿಂತ ಕಡಿಮೆಯಾದರೆ ಇನ್ನು ಕಾಪಿಡದೆ ಎಲ್ಲವನ್ನೂ ಈ ಸಲವೇ ಒತ್ತಾಗಿ ಬಿತ್ತಿ.

ಕರಿಬೇವು, ಹಲಸು, ಮಾವಿನ ಬೀಜಕ್ಕೆ ಇದಾವುದೂ ಹೊಂದುವುದಿಲ್ಲ. ಒಣಗಿಸಿದರೆ ಅವು ಸಾಯುತ್ತವೆ. ಹಣ್ಣಿನಿಂದ ತೆಗೆದ ವಾರದೊಳಗೇ ಕುಂಡದಲ್ಲಿ ಊರಿಬಿಡಿ.